ಹೆಸರು ಕೇಳಿ ಕೊಟ್ಟ ಗುಳಿಗೆ

ಅವರ ಎಡಗೈ ತೋರುಬೆರಳಿನ ಒಳಮಗ್ಗುಲಲ್ಲಿ ಬಿಳಿ ಗೀರುಗಳಿದ್ದವು. ಕೂದಲೆಳೆಯಷ್ಟು ತೆಳ್ಳಗಿನವು, ಒಂದರ ಮೇಲೊಂದು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥವು. ಇಂಜೆಕ್ಷನ್ನಿನ ಗಾಜಿನ ಸೀಸೆಯ ಕುತ್ತಿಗೆಯನ್ನು ಬರಿಗೈಯಲ್ಲಿ ಮುರಿದು ಮುರಿದು ಆದ ಗಾಯಗಳು. ಹತ್ತಿ ಸುತ್ತಿಕೊಂಡು ಮುರಿಯಬೇಕೆಂದು ಹೊಸದಾಗಿ ಬಂದ ನರ್ಸುಗಳಿಗೆ ಪಾಠ ಹೇಳುತ್ತಿದ್ದವರೂ ಅವರೇ. ತಾವು ಮಾತ್ರ ಹೆಬ್ಬೆರಳು ಆನಿಸಿ ಟಕ್ ಎನ್ನಿಸಿಬಿಡುತ್ತಿದ್ದರು. "ಹತ್ತಿ ಸುತ್ತೂದು ಬರೇ ಸಣ್ಣವ್ರಿಗೇನ್ರಿ?" ಎಂದು ನಾನೊಮ್ಮೆ ಕೆಣಕಿದ್ದೆ. "ನನ್ನ ಕೈ ಕೆಟ್ಟು ಹೋಗೇತಿ ತಂಗಿ. ಅವ್ರದ್ಯಾಕ ಕೆಡಬೇಕು?" ಎಂದಿದ್ದರು.

ಹೊಸಪೇಟೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಅವರು ಎಲ್ಲರಿಗೂ ದೊಡ್ಡ ಸಿಸ್ಟರ್. ನಾನು ಕೆಳಗಡೆ, ಬಾಗಿಲ ಪಕ್ಕದ ಮೆಡಿಕಲ್‌ನಲ್ಲಿ ಔಷಧಿ ಕೊಡುವವಳು. ಸಂಡೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಅದಿರಿನ ಲಾರಿಗಳ ಹಿಂದೆ ಬಂದು ಬಂದು ನನ್ನ ದುಪಟ್ಟಾದ ಬಣ್ಣ ಯಾವುದೇ ಇರಲಿ, ಹೊಸಪೇಟೆ ಮುಟ್ಟುವ ಹೊತ್ತಿಗೆ ಕೆಂಪಾಗಿರುತ್ತಿತ್ತು. ದೊಡ್ಡ ಸಿಸ್ಟರ್ ಮೆಟ್ಟಿಲ ಬಳಿ ಸಿಕ್ಕರೆ ಒಂದು ಮಾತೂ ಆಡದೆ ನನ್ನ ಭುಜದ ಮೇಲಿನ ಧೂಳು ಕೊಡವಿ ಮೇಲೆ ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಇದು ಕಸಿವಿಸಿಯಾಗುತ್ತಿತ್ತು. ಆಮೇಲೆ ಅವರು ಕೊಡವದ ದಿನ ಏನೋ ಮರೆತು ಬಂದಂತಾಗುತ್ತಿತ್ತು.

ನಮ್ಮಲ್ಲಿ ಒಂದು ರೂಢಿ. ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ, ಊರಿನಿಂದ ಕರೆಯುತ್ತೇವೆ. ರೋಗಿಗಳೂ ಅಷ್ಟೇ, ನಾವೂ ಅಷ್ಟೇ. ನಾನು ಸಂಡೂರು. ಮಹಿಳಾ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಕೈಕೆಳಗೆ ಕೆಲಸ ಕಲಿತು ಅವರ ಬಲಗೈಯಂತಿದ್ದ ನರ್ಸು ಕಂಪ್ಲಿ ಸಿಸ್ಟರ್. ಇದರಿಂದ ಕೆಲಸ ಸಲೀಸು, ಬಾಯಿಗೂ ಹಿತ. ದೊಡ್ಡ ಸಿಸ್ಟರ್ ಅವರದು ಚೋರನೂರು. ಆದರೆ ಅವರನ್ನು ಊರಿನಿಂದಲೂ ಕರೆಯುತ್ತಿರಲಿಲ್ಲ. ತಂದೆತಾಯಿ ತೀರಿಕೊಂಡ ಮೇಲೆ ಆ ಊರಿನಲ್ಲಿ ಅವರಿಗೆ ಯಾರೂ ಇರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬಂದದ್ದು ಒಂದೇ ಸಲ. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದು ಮಾತು ಮುಗಿಸಿದರು.

ಅವರ ಹೆಮ್ಮೆ ಅಂದರೆ ವಾರ್ಡಿನ ಪ್ರತಿಯೊಬ್ಬರನ್ನೂ ಅವರು ಬಲ್ಲರು ಎಂಬುದು. ಯಾವ ಮಂಚದಲ್ಲಿ ಯಾರು, ಯಾರಿಗೆ ಯಾವ ಗುಳಿಗೆ, ಯಾರ ಸೊಸೆ ಗಂಜಿ ತರುವುದು ತಡ ಮಾಡುತ್ತಾಳೆ, ಎಲ್ಲವೂ ತಲೆಯಲ್ಲಿ. ಚೀಟಿ ನೋಡುವುದು ಅವರಿಗೆ ಒಂದು ಶಾಸ್ತ್ರ ಅಷ್ಟೇ. ಮಧ್ಯಾಹ್ನ ಡ್ರೆಸ್ಸಿಂಗ್ ಕೋಣೆಯ ನೆಲದ ಮೇಲೆ ಎಲ್ಲರೂ ಸುತ್ತ ಕೂತು ಡಬ್ಬಿ ಬಿಚ್ಚುತ್ತಿದ್ದರು. ದೊಡ್ಡ ಸಿಸ್ಟರ್ ಡಬ್ಬಿಯಲ್ಲಿ ಎರಡು ರೊಟ್ಟಿ ಇದ್ದರೆ ಗುರೆಳ್ಳು ಚಟ್ನಿಪುಡಿ ಇಡೀ ಪಂಕ್ತಿಗಾಗುವಷ್ಟು ಇರುತ್ತಿತ್ತು. ಕಂಪ್ಲಿ ಸಿಸ್ಟರ್ ಕೇಳದೆಯೇ ಕೈ ಹಾಕಿ ತೆಗೆದುಕೊಳ್ಳುತ್ತಿದ್ದರು. ಕೌಂಟರ್ ಬಿಟ್ಟು ಬರಲಾಗದ ನನಗೆ ಒಂದು ಕಾಗದದಲ್ಲಿ ಕಟ್ಟಿ ಕೆಳಗೆ ಕಳಿಸುತ್ತಿದ್ದರು.

ಆ ಘಟನೆ ನಡೆದದ್ದು ಜ್ವರದ ಕಾಲದಲ್ಲಿ. ವಾರ್ಡು ತುಂಬಿ ವರಾಂಡದಲ್ಲೂ ಮಂಚ ಹಾಕಿದ್ದರು. ಮಹಿಳಾ ವಾರ್ಡಿನ ಮಂಚಗಳೆಲ್ಲ ಉತ್ತರದ ಗೋಡೆಗೆ ತಲೆಯಾಗುವಂತೆ ಸಾಲಾಗಿವೆ. ಆಕ್ಸಿಜನ್ ಕೊಳವೆ ಆ ಗೋಡೆಯಲ್ಲೇ ಹಾಯ್ದಿದೆ, ಅದಕ್ಕೆ. ಕೊನೆಯ ಮಂಚ ಒಂದೇ ಕಿಟಕಿಯ ಕೆಳಗೆ ಅಡ್ಡಡ್ಡ ಬಿದ್ದಿತ್ತು, ಪೂರ್ವಕ್ಕೆ ತಲೆಯಾಗಿ. ಅದರಲ್ಲಿ ಕಡ್ಡಿರಾಂಪುರದ ಒಬ್ಬ ಹೆಂಗಸು. ಬಾಳೆತೋಟದ ಕೂಲಿ ಕೆಲಸದವಳು, ವಾಂತಿಭೇದಿಯಾಗಿ ಹೊಟ್ಟೆಯಲ್ಲಿ ಏನೂ ನಿಲ್ಲದೆ ಬಂದವಳು. ಅವಳ ಪಕ್ಕದ ಮಂಚದಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ, ಚೋರನೂರಿನವಳು. ತಮ್ಮೂರಿನ ಅಜ್ಜಿ ಬಂದಳೆಂದು ದೊಡ್ಡ ಸಿಸ್ಟರಿಗೆ ಹಿಗ್ಗೋ ಹಿಗ್ಗು. ಹೋದಾಗ ಬಂದಾಗಲೆಲ್ಲ ಊರಿನ ಸುದ್ದಿ ಕೇಳುವುದು, ಯಾರ ಹೊಲದಲ್ಲಿ ಏನು ಬಿತ್ತಿದ್ದಾರೆ, ತಮ್ಮ ಹಳೇ ಮನೆಯ ಕಟ್ಟೆ ಇದೆಯೋ ಬಿತ್ತೋ ಎಂದು ವಿಚಾರಿಸುವುದು.

ಅಜ್ಜಿಗೆ ಒಂದೇ ಸಂಕಟ. "ಉತ್ತರಕ್ಕ ತಲಿ ಹಾಕಿ ನಾ ಹುಟ್ಟಿದಾಗಿಂದ ಮಲಗಿಲ್ಲಬೇ. ಈಗ ಮಲಗಿದ್ರ ಏಳಂಗಿಲ್ಲ ನಾನು," ಎಂದು ದೊಡ್ಡ ಸಿಸ್ಟರ್ ಬಳಿ ಗೋಗರೆದಳು. ದೊಡ್ಡ ಸಿಸ್ಟರ್ ನಕ್ಕುಬಿಟ್ಟರು. "ದವಾಖಾನ್ಯಾಗ ಎಂಥ ದಿಕ್ಕು ಹಚ್ಚೀಯಬೇ? ಸುಮ್ನ ಮಕ್ಕೋ." ಇಡೀ ವಾರ್ಡು ನಕ್ಕಿತು. ಅಜ್ಜಿ ಮತ್ತೆ ಕೇಳಲಿಲ್ಲ. ಮುದುಡಿಕೊಂಡು ಅಡ್ಡಡ್ಡ ಕೂತೇ ನಿದ್ದೆ ಮಾಡಿದಳು.

ಕಡ್ಡಿರಾಂಪುರದವಳು ಇದನ್ನು ನೋಡಿದಳು. ಅವಳದು ಬುದ್ಧನ ಚಿತ್ರ ಇಟ್ಟುಕೊಂಡ ಮನೆ. "ನಮ್ಮ ಮನ್ಯಾಗ ಈ ದಿಕ್ಕುಗಿಕ್ಕು ಬಿಟ್ಟು ಭಾಳ ದಿನ ಆತಬೇ ಅಜ್ಜಿ. ನನಗ ಯಾ ಕಡಿ ತಲಿ ಆದ್ರೂ ನಿದ್ದಿ ಬರತೈತಿ. ಬಾ, ನನ್ನ ಮಂಚಕ್ಕ ನೀ ಬಾ," ಎಂದಳಂತೆ. ಸಿಬ್ಬಂದಿಯೆಲ್ಲ ಊಟಕ್ಕೆ ಕೂತ ಹೊತ್ತು. ಇಬ್ಬರೂ ಸೇರಿ ದಿಂಬು, ಚೀಲ, ನೀರಿನ ಬಾಟಲಿ ಎಲ್ಲ ಆಚೀಚೆ ಮಾಡಿಕೊಂಡು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದರು. ನೊಣ, ಸೆಕೆ, ಎಲ್ಲಕ್ಕೂ ನಮ್ಮ ಕಡೆಯ ಹೆಂಗಸರಿಗೆ ಸೆರಗೇ ಪರದೆ.

ಸಂಜೆ ಊಟಕ್ಕೆ ಮುಂಚಿನ ಇನ್ಸುಲಿನ್ ಹಿಡಿದುಕೊಂಡು ದೊಡ್ಡ ಸಿಸ್ಟರ್ ಬಂದರು. ಅಜ್ಜಿಯ ಮಂಚದ ಬಳಿ ನಿಂತರು. ಸೆರಗಿನಿಂದ ಹೊರಗೆ ಚಾಚಿದ ಒಣಗಿದ ತೋಳು, ಹಸಿರು ಬಳೆ, ಅಜ್ಜಿಯದರ ಹಾಗೇ. ದಿನಾ ಸೂಜಿ ಚುಚ್ಚಿಸಿಕೊಂಡು ಬೇಸತ್ತಿದ್ದ ಕಡ್ಡಿರಾಂಪುರದವಳು ಮಿಸುಕಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತುತ್ತಾ ದೊಡ್ಡ ಸಿಸ್ಟರ್ ಎಂದಿನಂತೆ ಕೂಗಿದರು: "ಚೋರನೂರವ್ವಾ, ಏಳಬೇ, ಉಣ್ಣಾಕ ಕೊಡ್ತಾರ."

ಕಿಟಕಿಯ ಕೆಳಗಿನ ಮಂಚದಿಂದ ದನಿ ಬಂತು: "ನಾ ಇಲ್ಲಿ ಅದೀನಿ ನೋಡಬೇ."

ಆ ಒಂದು ಮಾತನ್ನು ದೊಡ್ಡ ಸಿಸ್ಟರ್ ನನಗೆ ಎಷ್ಟು ಸಲ ಹೇಳಿದ್ದಾರೋ. ಅಜ್ಜಿಯ ದನಿಯಲ್ಲೇ ಹೇಳುತ್ತಿದ್ದರು. ಅದರಲ್ಲಿ ಒಂದು ಸಣ್ಣ ಗೆಲುವು ಇತ್ತಂತೆ, ಕೊನೆಗೂ ಬೇಕಾದ ದಿಕ್ಕು ಸಿಕ್ಕಿದ ಗೆಲುವು.

ಮುಂದೆ ಮಾಡಬೇಕಾದ್ದನ್ನೆಲ್ಲ ಅವರು ತಡವಿಲ್ಲದೆ ಮಾಡಿದರು. ಗ್ಲೂಕೋಸ್ ಹಚ್ಚಿದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು, ಡಾಕ್ಟರನ್ನು ಕರೆದು ಅವರ ಮುಂದೆ ಇದ್ದದ್ದು ಇದ್ದಂತೆ ಹೇಳಿದರು. ಕಡ್ಡಿರಾಂಪುರದವಳು ಬೆವತಳು, ಸ್ವಲ್ಪ ನಡುಗಿದಳು, ಸುಧಾರಿಸಿಕೊಂಡಳು. ಅಲ್ಲಿಗೆ ಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಿಶ್ಶಕ್ತಿಗೆ ಗ್ಲೂಕೋಸ್ ಹಚ್ಚಿದ್ದೇವೆ ಅಂದರೆ ಕೇಳುವವರು ಯಾರು? ಡಾಕ್ಟರ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ದೊಡ್ಡ ಸಿಸ್ಟರ್ ಮಂಚದ ಅಂಚಿಗೆ ಕೂತು, ಅವಳ ಕೈ ಹಿಡಿದುಕೊಂಡು, "ಯವ್ವಾ, ನಿನ್ನದಲ್ಲದ ಇಂಜೆಕ್ಷನ್ ನಿನಗ ಕೊಟ್ಟುಬಿಟ್ಟೆ. ತಪ್ಪು ನಂದು," ಎಂದರು. ಗಂಜಿ ಹಿಡಿದು ಬಂದಿದ್ದ ಅವಳ ತಮ್ಮನಿಗೂ ಅದನ್ನೇ ಹೇಳಿದರು.

ಆ ತಮ್ಮ ಆಟೋ ಓಡಿಸುವವನು. ಹೊರಗೆ ಹೋಗಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲ ಮುಂದೆ ಆಟೋಗಳ ಸಾಲು. "ನಮ್ಮ ಅಕ್ಕನ್ನ ಕೊಲ್ಲಾಕ ನೋಡೀರೇನ್ರಲೇ?" ಎಂಬ ಕೂಗು. ನನ್ನ ಕೌಂಟರಿನ ಗಾಜು ನನ್ನ ಕಣ್ಣೆದುರೇ ಪುಡಿಯಾಯಿತು. ನಾನು ಔಷಧಿ ಡಬ್ಬಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಮೇಲೆ ನುಗ್ಗಿದವರನ್ನು ತಡೆಯಲು ಕಂಪ್ಲಿ ಸಿಸ್ಟರ್ ವಾರ್ಡಿನ ಬಾಗಿಲು ಹಾಕಲು ಹೋದರು. ಆಚೆಯಿಂದ ತಳ್ಳಿದ ರಭಸಕ್ಕೆ ಅವರ ಬಲಗೈ ಬಾಗಿಲ ಸಂದಿಯಲ್ಲಿ ಸಿಕ್ಕಿತು. ಆ ಕೂಗು ಕೆಳಗಿದ್ದ ನನಗೂ ಕೇಳಿಸಿತು. ಮಂಚದ ಮೇಲಿನಿಂದ ಕಡ್ಡಿರಾಂಪುರದವಳು ತಮ್ಮನಿಗೆ, "ಲೇ, ಆಕಿ ತಾನಾಗೇ ಹೇಳಿದ್ದಕ್ಕ ನಿನಗ ಗೊತ್ತಾಗೇತಿ, ಸುಮ್ನಿರಲೇ," ಎಂದು ಬೈದಳಂತೆ. ಆ ಗದ್ದಲದಲ್ಲಿ ಅವಳ ಮಾತು ಯಾರ ಕಿವಿಗೆ ಬೀಳಬೇಕು?

ಅವಳು ಗುಣವಾಗಿ ಮನೆಗೆ ಹೋದಳು, ಮತ್ತೆಂದೂ ಬರಲಿಲ್ಲ. ಗಾಜು ಹೊಸದು ಬಂತು. ಕಂಪ್ಲಿ ಸಿಸ್ಟರ ಕೈಯ ಎರಡು ಬೆರಳು ಮಾತ್ರ ಸೊಟ್ಟಗೇ ಉಳಿದವು.

ಡಾಕ್ಟರು ದೊಡ್ಡ ಸಿಸ್ಟರನ್ನು ಕರೆಸಿ ಮಾತಾಡುವಾಗ ನಾನು ಅಲ್ಲೇ ಬಿಲ್ಲಿಗೆ ಸಹಿ ಹಾಕಿಸಲು ನಿಂತಿದ್ದೆ. "ನನಗ ಹೇಳಿದ್ರಿ, ಸರಿ. ಅವ್ರಿಗೆ ಯಾಕ ಹೇಳಬೇಕಾಗಿತ್ತು ಸಿಸ್ಟರ್?"

"ಸೂಜಿ ಚುಚ್ಚಿಸಿಕೊಂಡಾಕಿ ಆಕಿ ಸರ್. ನೀವಲ್ಲ."

ಡಾಕ್ಟರು ಕೆಟ್ಟವರಲ್ಲ. ಕೆಲಸದಿಂದ ತೆಗೆಯಲಿಲ್ಲ. ಆದರೆ ವಾರ್ಡು ಬಿಡಿಸಿ ಕೆಳಗಿನ ಇಂಜೆಕ್ಷನ್ ಕೋಣೆಗೆ ಹಾಕಿದರು. ಬಂದವರಿಗೆ ಸೂಜಿ ಚುಚ್ಚಿ ಕಳಿಸುವ ಕೆಲಸ. ಆ ವಾರ್ಡನ್ನು ಕೈಯಾರೆ ನಡೆಸಿದವರಿಗೆ ಅದೊಂದು ಗೋಣಿಚೀಲದಷ್ಟು ಅಗಲದ ಕೋಣೆ.

ಅವರನ್ನು ತಿಂದದ್ದು ಅದಲ್ಲ, ಊಟದ ಪಂಕ್ತಿ. ಮರುದಿನ ಡ್ರೆಸ್ಸಿಂಗ್ ಕೋಣೆಗೆ ಡಬ್ಬಿ ತೆಗೆದುಕೊಂಡು ಹೋದಾಗ ಯಾರೂ ಹೋಗ್ರಿ ಎನ್ನಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತೇ ಇದ್ದರು. ಅವರಿಗೆ ಜಾಗ ಬಿಡಲಿಲ್ಲ, ಅಷ್ಟೇ. ಇವರ ಸತ್ಯಕ್ಕೆ ನಮ್ಮ ಕೈ ಮುರೀತು ಎಂಬುದು ಎಲ್ಲರ ಮಾತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದೊಡ್ಡ ಸಿಸ್ಟರ್ ಕೆಳಗೆ ಬಂದು ನನ್ನ ಕೌಂಟರಿನ ಹಿಂದೆ ಖಾಲಿ ಸಲೈನ್ ಪೆಟ್ಟಿಗೆಯ ಮೇಲೆ ಕೂತು ಡಬ್ಬಿ ಬಿಚ್ಚಿದರು. ಎರಡು ರೊಟ್ಟಿ. ಚಟ್ನಿಪುಡಿ ಮಾತ್ರ ಪಂಕ್ತಿಗಾಗುವಷ್ಟು. ನಾನೊಬ್ಬಳು ಎಷ್ಟು ತಿನ್ನಲಿ? ಉಳಿದದ್ದನ್ನು ಮತ್ತೆ ಮುಚ್ಚಿಕೊಂಡು ಹೋದರು. ಮಾರನೇ ದಿನವೂ ಅಷ್ಟೇ ತಂದರು. ಕೈಯಳತೆ ಬದಲಾಗಲು ಬಹಳ ಕಾಲ ಹಿಡಿಯಿತು. ಒಂದು ದಿನ ಡಬ್ಬಿಯ ಮುಚ್ಚಳದಲ್ಲಿ ಇಬ್ಬರಿಗೆ ಸಾಕಾಗುವಷ್ಟೇ ಪುಡಿ ಇತ್ತು.

ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲೂ ಹಾಗೇ ಆಯಿತು. ಯಾರೂ ಅವರನ್ನು ತೆಗೆದುಹಾಕಲಿಲ್ಲ. ಉಳಿದವರೆಲ್ಲ ಸೇರಿ ಬೇರೊಂದು ಗುಂಪು ಮಾಡಿಕೊಂಡರು. ಹುಟ್ಟುಹಬ್ಬ, ಪಾಳಿ ಬದಲು, ಡಾಕ್ಟರ ಮೇಲಿನ ಜೋಕು, ಎಲ್ಲವೂ ಹೊಸದರಲ್ಲಿ. ಹಳೆಯ ಗುಂಪಿನಲ್ಲಿ ದೊಡ್ಡ ಸಿಸ್ಟರ್ ಒಬ್ಬರೇ ದಿನಾ ಮುಂಜಾನೆ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಬಹುದಿನ ಅಂದುಕೊಂಡಿದ್ದೆ. ಗೊತ್ತಿತ್ತು. "ಯಾರಾದ್ರೂ ಒಬ್ಬರು ನೋಡ್ತಾರ. ಎರಡು ನೀಲಿ ಗೀಟು ಬರ್ತಾವ," ಎಂದರು ಒಮ್ಮೆ.

ಆ ದಿನಗಳಲ್ಲಿ ನಾನು ಅವರ ಮೇಲೆ ರೇಗಿದ್ದೂ ಉಂಟು. ಒಬ್ಬರು ಹೀಗೆ ತಮ್ಮ ಕೈಯಾರೆ ಒಂಟಿಯಾಗುವುದನ್ನು ದಿನಾ ಎದುರಿಗೆ ಕೂತು ನೋಡುವುದು ಸುಲಭವಲ್ಲ. "ಹೇಳಿ ಏನ್ ಬಂತ್ರಿ ನಿಮಗ? ಆಕಿ ಬೆರಳು ನೋಡ್ರಿ," ಎಂದೆ.

"ಆಕಿ ಬೆರಳಿಗೆ ನಾನು ದಿನಾ ಅಳ್ತೀನಿ," ಎಂದರು. "ಹೇಳಿದ್ದಕ್ಕ ಅಳಂಗಿಲ್ಲ. ಎರಡೂ ಬ್ಯಾರೆ ಬ್ಯಾರೆ ಅದಾವ ತಂಗಿ. ಕೂಡಿಸಬ್ಯಾಡ."

ಡಬ್ಬಿಯ ಮುಚ್ಚಳ ಹಾಕುತ್ತಾ ತಾವೇ ಮತ್ತೆ ಮಾತು ತೆಗೆದರು. "ನಂದು ಎಲ್ಲಿ ತಪ್ಪಿತು ಗೊತ್ತೇನು? ಸೂಜಿ ಹಿಡಿದಾಗಲ್ಲ. ಅಜ್ಜಿ ದಿಕ್ಕು ಅಂದಾಗ ನಾ ನಕ್ಕೆ ನೋಡು, ಅಲ್ಲಿ. ನಕ್ಕಿದ್ದಕ್ಕ ಆಕಿ ನನಗ ಹೇಳದಂಗ ಮಂಚ ಬದಲಿ ಮಾಡಿಕೊಂಡ್ಳು. ನಕ್ಕವರ ಮುಂದ ಯಾರು ಹೇಳ್ತಾರ?"

ಇಷ್ಟು ವರ್ಷ ಔಷಧಿ ಕೊಟ್ಟ ಮೇಲೆ ನನಗೆ ಅನ್ನಿಸುವುದು, ಆಸ್ಪತ್ರೆಯ ಬಗ್ಗೆ ತಿಳಿಯಬೇಕಾದ್ದೆಲ್ಲ ಆ ಮಾತಿನಲ್ಲಿ ಇತ್ತು. ಆವಾಗ ನಾನು ಹೂಂ ಎಂದು ಬಿಲ್ಲು ಬರೆಯುತ್ತಾ ಕೂತಿದ್ದೆ.

ಅಂದಿನಿಂದ ಅವರಿಗೆ ಒಂದು ಹೊಸ ಚಾಳಿ ಅಂಟಿಕೊಂಡಿತು. ಯಾರೇ ಬರಲಿ, ಎಷ್ಟೇ ಪರಿಚಯವಿರಲಿ, ಸೂಜಿ ಮುಟ್ಟುವ ಮುನ್ನ, "ಹೆಸರು ಹೇಳವ್ವಾ. ಅಪ್ಪನ ಹೆಸರು ಹೇಳು. ಊರು ಹೇಳು," ಎನ್ನುವರು. ಊರಿನಿಂದ ಕರೆಯುವುದನ್ನು ಪೂರ್ತಿ ಬಿಟ್ಟರು. ದಿನಾ ಬರುವ ಮುದುಕರು ಸಿಟ್ಟಾಗುತ್ತಿದ್ದರು. "ನಿನ್ನೆ ಹೇಳೀನಲ್ಲಬೇ, ಇವತ್ತೇನು ನನ್ನ ಅಪ್ಪ ಬದಲಾಗ್ಯಾನೇನು?" ದೊಡ್ಡ ಸಿಸ್ಟರ್ ನಗುತ್ತಿರಲಿಲ್ಲ. ಸೂಜಿ ಹಿಡಿದು ಕಾಯುತ್ತಿದ್ದರು. ಬೇರೆ ಸಿಬ್ಬಂದಿ ಬೆನ್ನ ಹಿಂದೆ ಅವರ ದನಿ ಅಣಕಿಸುತ್ತಿದ್ದರು, ಚಹಾ ಕೊಡುವಾಗ ಕೂಡ "ಹೆಸರು ಹೇಳವ್ವಾ" ಎಂದು.

ತಮ್ಮ ಬಿಪಿ ಗುಳಿಗೆಗೆ ನನ್ನ ಕೌಂಟರಿಗೆ ಬಂದಾಗಲೂ ಇದೇ ರಗಳೆ. "ಮೊದಲು ನನ್ನ ಹೆಸರು ಕೇಳು," ಎಂದು ಕೈ ಚಾಚದೆ ನಿಲ್ಲುವರು. "ಅಯ್ಯ, ನೀವು ಯಾರಂತ ನನಗ ಗೊತ್ತಿಲ್ಲೇನ್ರಿ? ತಗೊಳ್ರಿ, ಗಿರಾಕಿ ನಿಂತಾರ," ಎಂದು ನಾನು ಗುಳಿಗೆ ಪಟ್ಟಿಯನ್ನು ಅವರ ಕೈಗೆ ತುರುಕುತ್ತಿದ್ದೆ. ಅವರ ಹೆಸರನ್ನು, ಅವರ ಅಪ್ಪನ ಹೆಸರನ್ನು ನಾನು ಹಾಜರಿ ಪುಸ್ತಕದಲ್ಲಿ ಓದಿದ್ದೆ, ನಿಜ. ಆದರೆ ಯಾರ ಬಾಯಲ್ಲೂ ಕೇಳಿರಲಿಲ್ಲ. ನನ್ನ ಬಾಯಿಂದಲೂ ಆಡಿರಲಿಲ್ಲ.

ಕೆಲವು ವರ್ಷಗಳ ಮೇಲೆ ಆಸ್ಪತ್ರೆಗೆ ದೊಡ್ಡ ಸರ್ಟಿಫಿಕೇಟು ತರುವ ಹುರುಪು ಡಾಕ್ಟರಿಗೆ ಬಂತು. ತಪಾಸಣೆಯವರು ಬರುತ್ತಾರೆಂದು ಗೋಡೆಗೆಲ್ಲ ಬಣ್ಣ. ಜೊತೆಗೆ ಮೆಟ್ಟಿಲ ಬಳಿ ಒಂದು ಬೀಗದ ಪೆಟ್ಟಿಗೆ. ಔಷಧಿ ಕೊಡುವುದರಲ್ಲಿ ತಪ್ಪಾದರೆ ಸಿಬ್ಬಂದಿ ಅದನ್ನು ಚೀಟಿಯಲ್ಲಿ ಬರೆದು ಹಾಕಬೇಕು, ಹೆಸರು ಬರೆಯಬೇಕಿಲ್ಲ, ಯಾರಿಗೂ ಶಿಕ್ಷೆ ಇಲ್ಲ ಎಂದು ಮೇಲೊಂದು ಬೋರ್ಡು. ಕೀಲಿ ನನ್ನ ಬಳಿ. ಮ್ಯಾನೇಜರ್ ಜೊತೆ ಮೊದಲ ಸಲ ತೆಗೆದಾಗ ಒಳಗೆ ಸಿಕ್ಕಿದ್ದು ಕಂಪ್ಲಿಯ ಒಂದು ಬಸ್ ಟಿಕೆಟ್ಟು, ಚಾಕ್ಲೇಟಿನ ಕಾಗದ, ಕ್ಯಾಂಟೀನ್ ಚಹಾ ನೀರಾಗಿದೆ ಎಂಬ ಒಂದು ದೂರು. ಮತ್ತೆ ಒಂದು ಚೀಟಿ: ಬೆಳಿಗ್ಗೆ ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ ಮರೆತು ತಡವಾಗಿ ಕೊಟ್ಟೆ, ಅವರಿಗೆ ಹೇಳಿದ್ದೇನೆ. ಕೆಳಗೆ ದುಂಡಗಿನ ಅಕ್ಷರದಲ್ಲಿ, ಇಂಜೆಕ್ಷನ್ ಕೋಣೆ.

ಮುಂದಿನ ಸಲವೂ ಹಾಗೇ. ಅವರ ಚೀಟಿ, ಕಸ. ಪೆಟ್ಟಿಗೆ ತೆಗೆದ ದಿನ ಊಟಕ್ಕೆ ಬಂದಾಗ ಅವರು ಕೇಳಿಯೇ ಕೇಳುವರು. "ಬ್ಯಾರೆ ಯಾರಾದ್ರೂ ಹಾಕ್ಯಾರೇನು?"

"ಇಲ್ರಿ ಸಿಸ್ಟರ್."

ಒಂದು ಸಲ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಕ್ಕರು. "ಇಷ್ಟು ದೊಡ್ಡ ದವಾಖಾನ್ಯಾಗ ತಪ್ಪು ಮಾಡಾಕಿ ನಾನೊಬ್ಬಾಕಿನ ನೋಡು." ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಅದರ ಜೊತೆಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕ್ಷಮೆಯಲ್ಲ, ಹೊಗಳಿಕೆಯೂ ಅಲ್ಲ. ನಾನೂ ಒಂದು ತಪ್ಪು ಮಾಡೀನ್ರಿ ಎನ್ನುವ ಇನ್ನೊಬ್ಬರು ಬೇಕಾಗಿದ್ದರು. ಮೇಲಿನ ವಾರ್ಡಿನಲ್ಲಿ ಏನೂ ತಪ್ಪಾಗುತ್ತಿರಲಿಲ್ಲವೇ? ವಾರ್ಡಿನಿಂದ ನನ್ನ ಕೌಂಟರಿಗೆ ಹಿಂದಿರುಗಿ ಬರುವ ಔಷಧಿಯ ಲೆಕ್ಕ ನೋಡಿದರೆ ನನಗೆ ತಿಳಿಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಎಲ್ಲರ ಕಣ್ಮುಂದೆ ಎರಡು ಸೊಟ್ಟ ಬೆರಳು ಓಡಾಡುತ್ತಿದ್ದವಲ್ಲ.

ನಿವೃತ್ತರಾದ ದಿನ ಒಂದು ಶಾಲು ಹೊದಿಸಿದರು. ಕಂಪ್ಲಿ ಸಿಸ್ಟರ್ ಈಗ ವಾರ್ಡಿನ ಮುಖ್ಯಸ್ಥೆ. ಹಿಂದಿನ ಸಾಲಿನಲ್ಲಿ ನಿಂತು, ಫೋಟೋ ಆದ ಕೂಡಲೇ ಕೆಲಸವಿದೆಯೆಂದು ಹೋದರು. ದೊಡ್ಡ ಸಿಸ್ಟರ್ ಅವರ ಬೆನ್ನನ್ನೇ ನೋಡುತ್ತಿದ್ದುದನ್ನು ನಾನು ನೋಡಿದೆ. ಆಮೇಲೆ ಕಾಲುವೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು ಆಗಾಗ ಬಸ್ಸು ತಪ್ಪಿಸಿಕೊಂಡು ಹೋಗಿ ಕೂತು ಬರುತ್ತಿದ್ದೆ. ಮಾತು ಕಡಿಮೆ. ಕಿಟಕಿಯಿಂದ ಕಾಲುವೆಯಲ್ಲಿ ಬಟ್ಟೆ ಒಗೆಯುವವರ ಸದ್ದು ಬರುತ್ತಿತ್ತು. ಅದನ್ನು ಕೇಳುತ್ತಾ ಇಬ್ಬರೂ ಕೂತಿರುತ್ತಿದ್ದೆವು.

ಕಿಡ್ನಿ ಸೋತು ಅವರು ನಮ್ಮಲ್ಲಿಗೇ ಬಂದು ಸೇರಿದರು. ಮಹಿಳಾ ವಾರ್ಡು, ಸಾಲಿನ ನಡುವಿನ ಮಂಚ, ಉತ್ತರಕ್ಕೆ ತಲೆ. ಕಿಟಕಿಯ ಕೆಳಗಿನ ಮಂಚ ಖಾಲಿಯಾದಾಗ ಬೇಕೇ ಎಂದು ಕೇಳಿದೆ. "ನನಗ ಬ್ಯಾಡ. ಯಾರಿಗಾದ್ರೂ ಬೇಕಾದೀತು, ಕೇಳಿ ನೋಡ್ರಿ," ಎಂದರು. ಹೊಸ ಸಿಬ್ಬಂದಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಗೊತ್ತಿದ್ದ ಕಂಪ್ಲಿ ಸಿಸ್ಟರ್ ಬಂದು, ಬಿಪಿ ನೋಡಿ, ಗುಳಿಗೆ ಕೊಟ್ಟು, ಬೇಕಾದಷ್ಟೇ ಮಾತಾಡಿ ಹೋಗುತ್ತಿದ್ದರು. ಬಹಳ ವರ್ಷದಿಂದ ಅವರಿಬ್ಬರ ನಡುವೆ ಅಷ್ಟೇ ಮಾತು.

ಒಂದು ಮಧ್ಯಾಹ್ನ ನಾನು ಅವರ ಬಳಿ ಕೂತಿದ್ದೆ. ಕಂಪ್ಲಿ ಸಿಸ್ಟರ್ ಬಂದರು. ಕೈಯಲ್ಲಿ ಟ್ರೇ ಇರಲಿಲ್ಲ. ಮಂಚದ ಕಾಲ್ತುದಿಯಲ್ಲಿ ನಿಂತರು. ಸೊಟ್ಟ ಬೆರಳುಗಳಿಂದ ಮಂಚದ ಕಂಬಿ ಹಿಡಿದುಕೊಂಡಿದ್ದರು.

"ಬೆಳಿಗ್ಗಿ ನಿಮಗ ಕೊಟ್ಟ ಗುಳಿಗಿ ನಿಮ್ದಲ್ಲ. ಆಚಿ ಮಂಚದಾಕಿದು," ಎಂದರು. "ಡಾಕ್ಟ್ರಿಗೆ ಹೇಳೀನಿ. ಬಿಪಿ ಸ್ವಲ್ಪ ಇಳಿದೀತು, ನೋಡ್ಕೋತ ಇರ್ರಿ ಅಂದ್ರು. ನಿಮಗ ಹೇಳಾಕ ಬಂದೆ."

ದೊಡ್ಡ ಸಿಸ್ಟರ್ ಅವರನ್ನೇ ನೋಡಿದರು. ಬೈಯಲಿಲ್ಲ. ನಗಲೂ ಇಲ್ಲ. ಅದೇ ಅವರ ದೊಡ್ಡ ಎಚ್ಚರ ಎಂದು ನನಗೆ ಗೊತ್ತಿತ್ತು, ನಗಬಾರದೆಂಬುದು.

"ಹೆಸರು ಕೇಳಲಿಲ್ಲ ನೀನು."

"ಕೇಳಲಿಲ್ರಿ. ನಿಮ್ಮನ್ನೇನ್ ಕೇಳೂದು ಅಂತ..." ಕಂಪ್ಲಿ ಸಿಸ್ಟರ್ ಇನ್ನೊಂದು ಕೈಯನ್ನೂ ಕಂಬಿಗೆ ಆನಿಸಿದರು. "ಹೇಳಬಾರದು ಅಂತಾನ ಇದ್ದೆ. ಮಧ್ಯಾಹ್ನದ ತನಕ ಆ ಬಾಗಿಲ ಹಂತ್ಯಾಕ ನಿಂತಿದ್ದೆ."

ಅದು ಯಾವ ಬಾಗಿಲು ಎಂದು ಮೂವರಿಗೂ ಗೊತ್ತಿತ್ತು. ದೊಡ್ಡ ಸಿಸ್ಟರ್ ಮಂಚದ ಅಂಚನ್ನು ಅಂಗೈಯಿಂದ ತಟ್ಟಿದರು. "ಕುಂದ್ರು. ಊಟ ಆಗೇತೇನು?"

ಆಗಿರಲಿಲ್ಲ. ಕಂಪ್ಲಿ ಸಿಸ್ಟರ್ ಹೋಗಿ ಡಬ್ಬಿ ತಂದರು. ಡ್ರೆಸ್ಸಿಂಗ್ ಕೋಣೆಯ ಪಂಕ್ತಿ ಬಿಟ್ಟು, ಮಂಚದ ಅಂಚಿಗೆ ಕೂತು ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ, ಮುಚ್ಚಳದಲ್ಲಿ ಗುರೆಳ್ಳು ಪುಡಿ. ದೊಡ್ಡ ಸಿಸ್ಟರಿಗೆ ಉಪ್ಪುಖಾರ ಏನೂ ಕೂಡದು. ಗೀರುಗಳಿದ್ದ ಆ ಬೆರಳನ್ನು ಪುಡಿಯಲ್ಲಿ ಸ್ವಲ್ಪವೇ ಅದ್ದಿ ನಾಲಗೆಗೆ ಹಚ್ಚಿಕೊಂಡರು. "ಬೆಳ್ಳುಳ್ಳಿ ಜಾಸ್ತಿ ಆಗೇತಿ," ಎಂದರು. ಕಂಪ್ಲಿ ಸಿಸ್ಟರ್ ತುತ್ತು ಬಾಯಲ್ಲಿಟ್ಟುಕೊಂಡೇ ಅಳುತ್ತಿದ್ದರು. ನಾನು ಎದ್ದು ಕೆಳಗೆ ಬಂದೆ. ಅಲ್ಲಿ ನನ್ನ ಕೆಲಸವೇನೂ ಇರಲಿಲ್ಲ.

ಅವರಿಗೆ ಆಮೇಲೆ ಹೆಚ್ಚು ದಿನ ಸಿಗಲಿಲ್ಲ. ಸಿಕ್ಕ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಆ ಮಂಚದ ಬಳಿ ಒಂದು ಡಬ್ಬಿ ಬಿಚ್ಚಿಕೊಳ್ಳುತ್ತಿತ್ತು. ಗುಳಿಗೆಗೆ ಮುನ್ನ ಕಂಪ್ಲಿ ಸಿಸ್ಟರ್ ಹೆಸರು ಕೇಳುತ್ತಿದ್ದರಂತೆ. ದೊಡ್ಡ ಸಿಸ್ಟರ್ ತಮ್ಮ ಹೆಸರು, ಅಪ್ಪನ ಹೆಸರು, ಚೋರನೂರು ಎಂದು ಶಾಲೆಯ ಹುಡುಗಿಯ ಹಾಗೆ ಒಪ್ಪಿಸುತ್ತಿದ್ದರಂತೆ. ಆ ಹೊತ್ತಿಗೆ ನಾನು ಕೌಂಟರಿನಲ್ಲಿರುತ್ತಿದ್ದೆ, ಒಮ್ಮೆಯೂ ಕೇಳಲಾಗಲಿಲ್ಲ.

ತೀರಿಕೊಂಡದ್ದು ಒಂದು ಬೆಳಿಗ್ಗೆ. ನನ್ನ ಬಸ್ಸು ಬಂದು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಧೂಳು ಮೆತ್ತಿದ ಭುಜದಲ್ಲೇ ಮೇಲೆ ಹೋದೆ. ಕರೆಸಲು ಸಂಬಂಧಿಕರು ಯಾರೂ ಇರಲಿಲ್ಲ. ಕಂಪ್ಲಿ ಸಿಸ್ಟರ್ ತಾವೇ ಮೈ ಒರೆಸಿ, ಕೂದಲು ಬಾಚಿ, ಸೀರೆ ಸರಿಮಾಡಿದ್ದರು. ಇನ್ನು ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟುವುದೊಂದು ಬಾಕಿ. ಪಟ್ಟಿಯನ್ನು ಒಂದು ಕೈಯಲ್ಲಿ, ಪೆನ್ನನ್ನು ಸೊಟ್ಟ ಬೆರಳುಗಳ ನಡುವೆ ಹಿಡಿದು ಅವರ ಮುಖದ ಕಡೆ ಬಗ್ಗಿದರು.

"ಹೆಸರು ಹೇಳ್ರಿ ಸಿಸ್ಟರ್," ಎಂದರು.

ಅಭ್ಯಾಸದಿಂದ ಬಂದ ಮಾತೋ, ಬೇಕೆಂದೇ ಕೇಳಿದ್ದೋ, ನನಗೆ ತಿಳಿಯದು. ಕೇಳಿ, ಪೆನ್ನು ಹಿಡಿದು ಕಾದರು.

ನಾನು ಹೇಳಿದೆ. ಮೊದಲು ಅವರ ಹೆಸರು, ಆಮೇಲೆ ಅವರ ಅಪ್ಪನ ಹೆಸರು, ಆಮೇಲೆ ಊರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಬಂದ ಹೆಸರು ಅದು. ಕಂಪ್ಲಿ ಸಿಸ್ಟರ್ ಒಂದೊಂದೇ ಅಕ್ಷರ ಬರೆದು, ಪಟ್ಟಿಯನ್ನು ನನ್ನ ಕಡೆ ಹಿಡಿದು, ಸರಿಯಿದೆಯಾ ನೋಡೆಂದರು. ನಾನು ಓದಿ ನೋಡಿದೆ. ಸರಿಯಿತ್ತು.